ಗ್ರೀಟ್ ಬಾಯಲ್ಲಿ ಉಳಿದ ಬೆಂಕಿ

ನನ್ನ ಅತ್ತೆ ಗ್ರೀಟ್ ಕ್ಲೂಟೆಯವರ ನಾಲಿಗೆಗೆ ನಮ್ಮ ಟ್ವೇಕ್ಲಿಪ್ ಊರಿನ ಪಾದ್ರಿಗಳೂ ಅಂಜುತ್ತಿದ್ದರು. ಭಾನುವಾರದ ಬೋಧನೆ ಉದ್ದವಾದರೆ ಸಾಕು, ಇವರು ಬಾಗಿಲಲ್ಲೇ ಅವರನ್ನು ನಿಲ್ಲಿಸಿಕೊಂಡು, "ಅಯ್ಯನವರೇ, ಇವತ್ತು ಮೇಲೆ ದೇವರಿಗೂ ಕಾಲು ಜೋಮು ಹಿಡಿದಿರಬೇಕು" ಎನ್ನುವರು. ನಾನು ಸಮುದ್ರದ ಕಡೆಯವಳು. ಮದುವೆಯಾಗಿ ಈ ಬೆಟ್ಟಕ್ಕೆ ಬಂದ ದಿನ ಅಪ್ಪ ಕೊಟ್ಟ ಒಣಮೀನಿನ ಚೀಲವನ್ನು ಹೊತ್ತು ಹೊಸ್ತಿಲಲ್ಲಿ ನಿಂತಿದ್ದೆ. ಅತ್ತೆ ಮೂಗು ಮುಚ್ಚಿಕೊಂಡು, "ಡೀನಾ, ನಿಮ್ಮಪ್ಪ ಮಗಳನ್ನ ಕಳಿಸಿದ್ದಾನೋ ಮೀನನ್ನ ಕಳಿಸಿದ್ದಾನೋ? ವಾಸನೆಯಿಂದ ಗೊತ್ತಾಗ್ತಿಲ್ವಲ್ಲ" ಎಂದರು. ಹಿಂದೆ ನಿಂತಿದ್ದ ನನ್ನ ಗಂಡ ಅಪೂಲ್ಸ್ ನಕ್ಕುಬಿಟ್ಟ. ನಾನು ಆ ರಾತ್ರಿ ಅವನೊಡನೆ ಮಾತಾಡಲಿಲ್ಲ.

ಮಾವ ಫ್ಲೋರ್ಸ್ ಇದಕ್ಕೆ ತದ್ವಿರುದ್ಧ. ಆಡು ಕಾಯುವ ಮನುಷ್ಯ. ವರ್ಷದ ಹೆಚ್ಚಿನ ಕಾಲ ಬೆಟ್ಟದ ಮೇಲಿನ ದೊಡ್ಡಿಯಲ್ಲೇ, ಚಾಪೆ ಹೊದಿಸಿದ ಗುಡಿಸಿಲಲ್ಲಿ ಕಳೆಯುತ್ತಿದ್ದರು. ಕೆಳಗೆ ಬಂದಾಗಲೂ ಅವರ ಬಾಯಿಂದ "ಹೂಂ" ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ಆಡುಗಳ ಜೊತೆಯಾದರೂ ಮಾತಾಡುತ್ತಾರೋ ಏನೋ ಎಂದು ನಾನು ಅಪೂಲ್ಸ್‌ನನ್ನು ಕೇಳಿದ್ದುಂಟು. "ಅವೂ ಪಾಪ, ಕಾಯ್ತಾ ಇರ್ತವೆ" ಎಂದಿದ್ದ ಅವನು.

ಚಳಿಗಾಲದ ಒಂದು ಬೆಳಿಗ್ಗೆ ಅದು ನಡೆಯಿತು. ನಮ್ಮಲ್ಲಿ ಒಳಗೆ ಗ್ಯಾಸಿನ ಒಲೆಯಿದ್ದರೂ ಹಿತ್ತಲಲ್ಲಿ ಪೊದೆಯ ಕಡ್ಡಿಗಳನ್ನು ನಿಲ್ಲಿಸಿ ಮಾಡಿದ ಗುಂಡನೆಯ ಅಡುಗೆಬೇಲಿ ಇದ್ದೇ ಇರುತ್ತದೆ. ಮೇಲೆ ಸೂರಿಲ್ಲ, ನಡುವೆ ಬೆಂಕಿ. ಮಾವ ಡಬ್ಬದ ಮೇಲೆ ಕೂತು ಕತ್ತೆಗಳಿಗೆ ಕಟ್ಟುವ ಪಟ್ಟಿ ಹೊಲಿಯುತ್ತಿದ್ದರು. ನಾನು ನೀರಿನ ಬಕೆಟ್ ಹಿಡಿದು ಒಳಗೆ ಬರುತ್ತಿದ್ದೆ. ಅತ್ತೆ ಬೆಂಕಿಯ ಕಡೆ ಬಗ್ಗಿದವರು, "ಫ್ಲೋರ್ಸ್, ಫ್ಯೂರ್..." ಎಂದು ಏನೋ ಹೇಳಹೊರಟು ಅಲ್ಲಿಗೇ ನಿಲ್ಲಿಸಿದರು. ನಮ್ಮ ಮಾತಿನಲ್ಲಿ ಬೆಂಕಿಗೆ ಫ್ಯೂರ್ ಎನ್ನುತ್ತೇವೆ. ಮುಂದಿನ ಮಾತಿಗೆ ನಾನೂ ಕಾದೆ, ಮಾವನೂ ತಲೆಯೆತ್ತಿದರು. ಅತ್ತೆ ಮೆಲ್ಲಗೆ, ಯಾರೋ ತೋಳು ಹಿಡಿದು ಕೂರಿಸಿದ ಹಾಗೆ, ನೆಲಕ್ಕೆ ಕೂತರು. ಆಮೇಲೆ ಪಕ್ಕಕ್ಕೆ ಒರಗಿದರು.

ಪಟ್ಟಣದ ಆಸ್ಪತ್ರೆಯಿಂದ ಅವರನ್ನು ಮರಳಿ ಕರೆತಂದಾಗ ಬಲಗೈ ಬಿದ್ದುಹೋಗಿತ್ತು, ಬಾಯಿ ಒಂದು ಕಡೆ ಜೋತಿತ್ತು. ಇಷ್ಟು ವರ್ಷ ಊರನ್ನೆಲ್ಲ ಕುಣಿಸಿದ ಅಷ್ಟೊಂದು ಮಾತಿನಲ್ಲಿ ಉಳಿದಿದ್ದು ಅದೊಂದೇ: ಫ್ಯೂರ್.

ಮೊದಲು ಅವರಿಗೇ ಅದು ಗೊತ್ತಿರಲಿಲ್ಲ. ಹಾಸಿಗೆಯಲ್ಲಿ ಎದ್ದು ಕೂತು, ನನ್ನನ್ನು ನೋಡಿ, ಹಿಂದಿನ ಹಾಗೇ ಗತ್ತಿನಲ್ಲಿ, "ಫ್ಯೂರ್ ಫ್ಯೂರ್ ಫ್ಯೂರ್, ಫ್ಯೂರ್?" ಎಂದರು. ದನಿಯ ಏರಿಳಿತವೆಲ್ಲ ಸರಿಯಾಗಿತ್ತು. ಯಾಕೆ ಇಷ್ಟು ತಡ, ಚಹಾ ಎಲ್ಲಿ, ಎಂದೇನೋ ಕೇಳಿದ ಹಾಗಿತ್ತು. ನಾನು ಬೆಪ್ಪಾಗಿ ನಿಂತೆ. ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು. ಮತ್ತೊಮ್ಮೆ, ಈ ಸಲ ನಿಧಾನವಾಗಿ, ತಮ್ಮ ಬಾಯನ್ನು ತಾವೇ ಆಲಿಸುತ್ತ ಹೇಳಿ ನೋಡಿದರು. ಅದೇ ಬಂತು. ಗೋಡೆಯ ಕಡೆ ತಿರುಗಿ ಮಲಗಿದವರು ಎಷ್ಟೋ ದಿನ ತುಟಿ ಬಿಚ್ಚಲಿಲ್ಲ.

ಆ ಮಾತನ್ನು ಆಡುವಾಗ ತುಟಿಗಳು ಗುಂಡಗೆ ಮುಂದಕ್ಕೆ ಬರುತ್ತವೆ, ಕೆಂಡವನ್ನು ಊದುವವರ ಹಾಗೆ. ಅದಕ್ಕೇ ಉಳಿಯಿತೋ ಏನೋ ಎಂದು ನನಗೆ ಅನಿಸುತ್ತಿತ್ತು. ಹುಟ್ಟಿದಾಗಿನಿಂದ ಆ ತುಟಿಗಳು ಎಷ್ಟು ಕೆಂಡ ಊದಿದ್ದವೋ. ಡಾಕ್ಟರು ಹಾಗೆ ಹೇಳಲಿಲ್ಲ. ಮಾತು ಮರಳಿದರೂ ಮರಳಬಹುದು, ಮರಳದೆಯೂ ಇರಬಹುದು ಎಂದಿದ್ದರು, ಅಷ್ಟೇ.

ಮತ್ತೆ ಬಾಯಿ ತೆರೆದಾಗ ಅತ್ತೆಗೆ ಸಿಟ್ಟು ಬಂದಿತ್ತು. ನೀರಿಗೂ ಫ್ಯೂರ್, ಕಂಬಳಿಗೂ ಫ್ಯೂರ್, ಕೋಳಿ ಒಳಗೆ ನುಗ್ಗಿದರೂ ಫ್ಯೂರ್. ನಾವು ಮೊದಮೊದಲು ನಿಜವಾದ ಬೆಂಕಿಯನ್ನೇ ಕೇಳುತ್ತಿದ್ದಾರೆಂದು ಬೆಂಕಿಪೊಟ್ಟಣ ತಂದುಕೊಡುತ್ತಿದ್ದೆವು. ಅದನ್ನು ಎಡಗೈಯಲ್ಲಿ ನನ್ನ ತಲೆಗೇ ಎಸೆಯುತ್ತಿದ್ದರು. ಪಕ್ಕದ ಮನೆಯ ಫೀಕಿ ಎಂಬ ಮುದುಕಿ, ಅತ್ತೆಗೆ ಬಾಲ್ಯದಿಂದ ಗೆಳತಿ, ಬಾಲ್ಯದಿಂದ ಶತ್ರು. ಅವಳು ಬಂದು ಹಾಸಿಗೆಯ ಪಕ್ಕ ಕೂತು ಕಣ್ಣೊರೆಸಿಕೊಂಡಳು.

"ಪಾಪ, ಇವಳಿಗೆ ನರಕ ಕಾಣ್ತಾ ಇದೆ ಡೀನಾ. ಅಷ್ಟೆಲ್ಲ ಮಾತಾಡಿದ್ಲಲ್ಲ, ಅದಕ್ಕೇ ಬೆಂಕಿ ಬೆಂಕಿ ಅಂತಾಳೆ."

ಅತ್ತೆ ತಲೆಯೆತ್ತಿದರು. ಎಡಗೈಯ ಬೆರಳನ್ನು ಫೀಕಿಯ ಎದೆಗೆ ನೇರ ಹಿಡಿದು, ಸ್ಪಷ್ಟವಾಗಿ, ಎಳೆದು, "ಫ್ಯೂ...ರ್" ಎಂದರು.

ಯಾರಿಗೆ ಕಾದಿರುವ ಬೆಂಕಿ ಅದು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ. ಫೀಕಿ ಮುನಿಸಿಕೊಂಡು ಹೋದವಳು ಮರುದಿನ ಹಾಲು ತೆಗೆದುಕೊಂಡು ಬಂದಳು.

ಆ ಚಳಿಗಾಲದಲ್ಲಿ ನಮ್ಮ ಹಿಂದಿನ ಕೋಣೆಯಲ್ಲಿ ಹಾಲೆಂಡಿನ ಒಬ್ಬ ಹೆಂಗಸು ಇದ್ದಳು, ಯಿಟ್ಸ್ಕ ಎಂದು ಹೆಸರು. ಬೆಟ್ಟದ ಹೂಗಳನ್ನು ಅಭ್ಯಾಸ ಮಾಡಲು ಬಂದಿದ್ದಳು. ಮಳೆ ಬರದೆ ಹೂವಿಲ್ಲ; ಹಾಗಾಗಿ ಚಹಾ ಕುಡಿಯುತ್ತ ಮೋಡ ನೋಡುವುದೇ ಅವಳಿಗೆ ಕೆಲಸ. ಅವಳ ಮಾತು ನಮ್ಮ ಮಾತೇ ಭಾನುವಾರದ ಬಟ್ಟೆ ತೊಟ್ಟು ಬಂದ ಹಾಗಿತ್ತು. ಅರ್ಧ ತಿಳಿಯುತ್ತಿತ್ತು, ಅರ್ಧಕ್ಕೆ ನಗು ಬರುತ್ತಿತ್ತು. ನಮ್ಮ ಮಾತು ಕೇಳಿ ಅವಳಿಗೂ ಹಾಗೇ ಆಗುತ್ತಿತ್ತಂತೆ.

ಒಂದು ಸಂಜೆ ಅವಳು ಅತ್ತೆಯ ಹಾಸಿಗೆಯ ಬಳಿ ಬಂದು ಕೂತಳು. ಅತ್ತೆ ಅವಳ ಕೆಂಪು ಶಾಲನ್ನು ಮುಟ್ಟಿ, "ಫ್ಯೂರ್?" ಎಂದರು.

"ಫ್ಯೂರ್" ಎಂದಳು ಯಿಟ್ಸ್ಕ.

ಅತ್ತೆ ಥಟ್ಟನೆ ಕೈ ಹಿಂತೆಗೆದರು. ಅಣಕಿಸುತ್ತಿದ್ದಾಳೆಂದು ಅನಿಸಿರಬೇಕು. ಯಿಟ್ಸ್ಕ ಗಾಬರಿಯಾಗಿ, "ಇಲ್ಲಮ್ಮ, ಇಲ್ಲ. ನಮ್ಮೂರಲ್ಲೂ ಅದನ್ನ ಹಾಗೇ ಅನ್ನೋದು. ಒಂದಕ್ಷರ ಬದಲಿಲ್ಲ" ಎಂದಳು. "ಕಡಲಿನ ಕಟ್ಟೆ ಪಕ್ಕ ನಮ್ಮಜ್ಜಿ ಮನೆ. ಬೆಳಿಗ್ಗೆ ಎದ್ದ ಕೂಡಲೇ ಅವಳು ಕೇಳ್ತಿದ್ದಿದ್ದು ಅದನ್ನೇ. ಫ್ಯೂರ್ ಇದೆಯಾ, ಫ್ಯೂರ್ ಸತ್ತಿದೆಯಾ ಅಂತ."

ಅತ್ತೆ ಅವಳ ಬಾಯನ್ನೇ ನೋಡಿದರು. ಇನ್ನೊಮ್ಮೆ ಹೇಳು ಎಂದು ಕೈಯಾಡಿಸಿದರು. ಅವಳು ಹೇಳಿದಳು. ಇವರು ಹೇಳಿದರು. ಚೆಂಡು ಎಸೆದಾಡುವ ಹಾಗೆ ಆ ಒಂದು ಮಾತನ್ನು ಅವರಿಬ್ಬರೂ ಆ ಸಂಜೆಯೆಲ್ಲ ಅತ್ತಿಂದಿತ್ತ ಎಸೆದಾಡಿದರು. ಎಂದೋ ಯಾವುದೋ ಹಡಗಿನಲ್ಲಿ, ಯಾರದೋ ಬಾಯಲ್ಲಿ ಅಷ್ಟು ನೀರು ದಾಟಿ ಬಂದ ಮಾತು. ನೆನೆಯದೆ ಬಂದು, ಯಾರ್ಯಾರ ಬಾಯಿ ಸೇರಿ, ಕೊನೆಗೆ ನಮ್ಮ ಬೆಟ್ಟದ ಈ ಮುದುಕಿಯ ಬಾಯಲ್ಲಿ ಕೂತಿತ್ತು. ನಾನು ದೀಪ ಹಚ್ಚುವುದನ್ನೂ ಮರೆತು ಕೇಳುತ್ತಿದ್ದೆ. ಕತ್ತಲಾಗುತ್ತ ಬಂದ ಕೋಣೆಯಲ್ಲಿ ಅದು ಯಾರ ದನಿ ಎಂಬುದೂ ಮಸುಕಾಗಿತ್ತು.

"ನಮ್ಮ ಸೋದರಮಾವನಿಗೂ ಹೀಗೇ ಆಗಿತ್ತು" ಎಂದಳು ಯಿಟ್ಸ್ಕ, ಏಳುವ ಮುಂಚೆ. "ಅವನಿಗೆ ಉಳಿದಿದ್ದು ಒಂದು ಬೈಗುಳ. ಹೊಲಸು ಬೈಗುಳ. ಅವನು ಪಾದ್ರಿ ಬೇರೆ. ನಿಮಗೆ ಬೆಂಕಿ ಉಳಿದಿದೆಯಲ್ಲಮ್ಮ, ಪುಣ್ಯ ಮಾಡಿದ್ರಿ."

ಅತ್ತೆ ಅರ್ಧ ಬಾಯಲ್ಲೇ ನಗತೊಡಗಿದರು. ಹೊಟ್ಟೆ ಅಲುಗುವವರೆಗೆ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ನಕ್ಕಿದ್ದು ಅದೇ ಮೊದಲು.

ಬಾಗಿಲ ಬಳಿ ಮಾವ ನಿಂತಿದ್ದರು. ಅವರು ಆಡುಗಳನ್ನು ತಮ್ಮನಿಗೆ ಒಪ್ಪಿಸಿ ಬೆಟ್ಟದಿಂದ ಇಳಿದವರು ಮತ್ತೆ ಹತ್ತಿರಲಿಲ್ಲ. ಹಗಲೆಲ್ಲ ಹೆಂಡತಿಯ ಪಕ್ಕ ಕೂರುತ್ತಿದ್ದರು, ಆದರೆ ಏನೂ ಆಡುತ್ತಿರಲಿಲ್ಲ. ಇಷ್ಟು ಕಾಲ ಆ ಮನೆಯಲ್ಲಿ ಮಾತು ಅತ್ತೆಯ ಕೆಲಸವಾಗಿತ್ತು. ಈಗ ಅದನ್ನು ಮಾಡುವವರೇ ಇಲ್ಲದೆ ಗಡಿಯಾರದ ಸದ್ದು ಕೂಡ ಕೇಳಬಾರದಷ್ಟು ಜೋರಾಗಿ ಕೇಳುತ್ತಿತ್ತು. ಮರುದಿನ ನಾನು ಹಿಟ್ಟು ನಾದುತ್ತಿದ್ದಾಗ ಒಳಗಿನಿಂದ ಒಂದು ಗಂಡಸಿನ ದನಿ ಕೇಳಿಸಿತು. ಯಾರೋ ಬಂದಿದ್ದಾರೆಂದುಕೊಂಡೆ. ಇಣುಕಿದರೆ ಮಾವ.

"ಗ್ರೀಟ್, ಆವತ್ತು ಬೆಂಕಿ ಅಂದೆಯಲ್ಲ. ಆಮೇಲೇನು ಹೇಳ್ಬೇಕು ಅಂತಿದ್ದೆ? ನನಗೆ ಅದೇ ತಲೇಲಿ ಸುತ್ತುತಾ ಇದೆ ಕಣೇ. ಬೆಂಕಿ ಆರ್ತಿದೆ ಅಂತಲಾ? ಸೌದೆ ತಾ ಅಂತಲಾ?"

ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

"ಅಥವಾ ಆ ಬೆಂಕಿ ನೆನಪಾಯ್ತಾ? ಅಪೂಲ್ಸ್ ಹುಟ್ಟಿದ ದಿನದ್ದು. ಮೇಲೆ ದೊಡ್ಡಿಯಲ್ಲಿ ಹಿಮ ಬಿದ್ದಿತ್ತು. ನಾನು ಒದ್ದೆ ಸೌದೆ ಊದಿ ಊದಿ ಕಣ್ಣೆಲ್ಲ ಕೆಂಪಾಗಿತ್ತು. ನೀನು ಆ ನೋವಲ್ಲೂ ಬೈದೆ. ಮಗು ಬಂದ್ಬಿಡ್ತು, ನಿನ್ನ ಬೆಂಕಿ ಇನ್ನೂ ಬರ್ಲಿಲ್ವಲ್ಲೋ ಅಂತ."

ಹೀಗೆ ಶುರುವಾಯಿತು. ಅವತ್ತಿನಿಂದ ಪ್ರತಿ ಸಂಜೆ ಮಾವ ಒಂದೊಂದು ಬೆಂಕಿಯನ್ನು ಹುಡುಕಿ ತರುತ್ತಿದ್ದರು. ನರಿ ಬಂದ ರಾತ್ರಿ ದೊಡ್ಡಿಯ ಸುತ್ತ ಹಾಕಿದ ಬೆಂಕಿ. ಮಳೆ ತಪ್ಪಿದ ವರ್ಷ ದೂರದ ಬಯಲಿಗೆ ಆಡು ಹೊಡೆದುಕೊಂಡು ಹೋದಾಗ, ದಾರಿಯುದ್ದಕ್ಕೂ ಬಂಡೆಯ ಸಂದಿಯಲ್ಲಿ ಮಾಡಿದ ಚಿಕ್ಕ ಚಿಕ್ಕ ಬೆಂಕಿಗಳು. ಬದುಕದೆ ಹೋದ ಮಗಳು ಸುಸಾರಾಳ ಬೆಂಕಿ. ಆ ಕೂಸು ಜ್ವರದಲ್ಲಿ ಉರಿಯನ್ನೇ ನೋಡುತ್ತ ಮಲಗಿತ್ತಂತೆ. ಅದಕ್ಕೆ ಇಷ್ಟವೆಂದು ಮಾವ ಸುಗಂಧದ ಪೊದೆಯ ಕಡ್ಡಿ ಹಾಕುತ್ತಲೇ ಇದ್ದರಂತೆ, ಹಾಕುವುದನ್ನು ಯಾವಾಗ ನಿಲ್ಲಿಸಬೇಕೆಂದು ತಿಳಿಯಲಿಲ್ಲವಂತೆ. ಅಂಥ ಮಗಳೊಬ್ಬಳಿದ್ದಳೆಂದು ನನಗಾಗಲಿ ಅಪೂಲ್ಸ್‌ಗಾಗಲಿ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅತ್ತೆ ಅಷ್ಟು ಮಾತಾಡುತ್ತಿದ್ದರು, ಈ ಒಂದನ್ನು ಮಾತ್ರ ಆಡಿರಲಿಲ್ಲ. ಅವರ ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಮಾವ ತಮ್ಮ ಟೋಪಿಯಿಂದ ಅದನ್ನು ಒರೆಸಿದರು.

ಹಿಟ್ಟಿನ ಕೈಯಲ್ಲೇ ನಾನು ಬಾಗಿಲ ಮರೆಯಲ್ಲಿ ಕೂರುತ್ತಿದ್ದೆ. ಆ ದನಿ ಹೇಳುತ್ತ ಹೋದ ಹಾಗೆ ಕಿಟಕಿಯಾಚೆಯ ಕಪ್ಪು ಬೆಟ್ಟದ ಮೇಲೆ ಒಂದಾದ ಮೇಲೊಂದು ಬೆಂಕಿ ಹೊತ್ತಿಕೊಳ್ಳುತ್ತಿರುವಂತೆ, ಪ್ರತಿಯೊಂದರ ಪಕ್ಕದಲ್ಲೂ ಇದೇ ಇಬ್ಬರು, ಒಮ್ಮೆ ಹರೆಯದವರಾಗಿ, ಒಮ್ಮೆ ನರೆತವರಾಗಿ, ಕೂತಿರುವಂತೆ ನನಗೆ ಕಾಣುತ್ತಿತ್ತು. ಯಿಟ್ಸ್ಕಳೂ ಬಂದು ಪಕ್ಕದಲ್ಲಿ ಕೂರುವಳು. ಒಮ್ಮೆ ಅವಳು ಪಿಸುಗುಟ್ಟಿದಳು: "ಇವರು ಮೊದಲಿಂದ ಹೀಗೇನಾ?" "ಇಲ್ಲಮ್ಮ" ಎಂದೆ. "ಈ ಮನುಷ್ಯನನ್ನ ನಾನೂ ಈಗಲೇ ನೋಡ್ತಾ ಇರೋದು."

ಮಳೆ ಬಂತು. ಆಮೇಲೆ ಬಿಸಿಲು ಬಂತು, ಬೆಟ್ಟದ ಬುಡವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿತು. ಒಂದು ಬೆಳಿಗ್ಗೆ ಮಾವ ಗಾಡಿಗೆ ಕತ್ತೆ ಕಟ್ಟುತ್ತಿದ್ದರು. ಗಾಡಿಯಲ್ಲಿ ಹಾಸಿಗೆ ಹಾಸಿತ್ತು.

"ಮಾವ, ಎಲ್ಲಿಗೆ?" ಎಂದೆ.

"ಮೇಲಕ್ಕೆ. ಇವಳನ್ನ ಕರ್ಕೊಂಡು ಹೋಗ್ತೀನಿ."

"ಆ ದಾರೀಲಿ? ಕತ್ತೆಗೇ ಕಾಲು ನಿಲ್ಲಲ್ಲ ಅಲ್ಲಿ. ಡಾಕ್ಟರು ಅಲ್ಲಾಡಿಸ್ಬೇಡಿ ಅಂದಿದಾರೆ."

"ಡಾಕ್ಟರ್‌ನ ಕೇಳ್ಕೊಂಡು ಇವಳನ್ನ ಮದುವೆ ಆದ್ನಾ ನಾನು?"

ಅತ್ತೆ ಒಳಗಿನಿಂದ ಗೋಡೆಗೆ ಗುದ್ದುತ್ತ, "ಫ್ಯೂರ್! ಫ್ಯೂರ್!" ಎಂದು ಕೂಗಿದರು. ತಡ ಯಾಕೆ ಎಂದರ್ಥ. ನಾನು ಸೋತೆ. ಕಂಬಳಿ, ಹಿಟ್ಟು, ಕೆಟಲ್ ಹಾಕಿಕೊಂಡು ನಾನೂ ಹೊರಟೆ. ಯಿಟ್ಸ್ಕ ಗಾಡಿಯ ಹಿಂದೆ ನಡೆದುಬಂದಳು, ಬಗ್ಗಿ ಬಗ್ಗಿ ಹೂ ನೋಡುತ್ತ.

ನಮ್ಮ ಕಡೆಯ ಆ ಹೂಗಳು ಬಿಸಿಲಿದ್ದರಷ್ಟೇ ಕಣ್ಣು ಬಿಡುತ್ತವೆ. ಮೋಡದ ನೆರಳು ಬಂದರೆ ಇಡೀ ಬಯಲು ಮುಚ್ಚಿಕೊಳ್ಳುತ್ತದೆ, ನೆರಳು ದಾಟಿದ ಮೇಲೆ ಮತ್ತೆ ಮೆಲ್ಲಗೆ ತೆರೆಯುತ್ತದೆ. ಗಾಡಿ ಅದರ ನಡುವೆ ಸದ್ದಿಲ್ಲದೆ ಹೋಗುತ್ತಿತ್ತು. ಗಾಲಿಯ ಕೆಳಗೆ ಹೂವೇ ಇದ್ದುದರಿಂದ ಕಲ್ಲು ಕೂಡ ಮೃದುವಾದಂತಿತ್ತು. ಎಚ್ಚರವಾಗಿದ್ದೂ ನಿದ್ದೆಯಲ್ಲಿ ಸಾಗಿದ ಹಾಗೆ. ಅತ್ತೆ ಮಲಗಿದಲ್ಲಿಂದಲೇ ಎಡಗೈ ಇಳಿಬಿಟ್ಟು ಹೂಗಳ ತಲೆ ಸವರುತ್ತ ಬಂದರು. ಕೈಯೆಲ್ಲ ಹಳದಿ ಪುಡಿ.

ಮೇಲೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಮಾವ ಅತ್ತೆಯನ್ನು ಎತ್ತಿಕೊಂಡು ಚಾಪೆಮನೆಯ ಮುಂದೆ ಬಂಡೆಗೆ ಒರಗಿಸಿ ಕೂರಿಸಿದರು, ಬೆಂಕಿ ಮಾಡಿದರು. ನಾನು ರೊಟ್ಟಿ ತಟ್ಟಿದೆ. ಸೌದೆ ಕೂಡಿಸುತ್ತ ಮಾವ ತಮ್ಮಷ್ಟಕ್ಕೆ ಏನೋ ಗುನುಗತೊಡಗಿದರು. ಅದು ನಾನು ಕೇಳಿದ ಹಾಡಲ್ಲ. ಹರೆಯದಲ್ಲಿ, ಉಣ್ಣೆ ಕತ್ತರಿಸುವ ಕಾಲದ ಕುಣಿತದಲ್ಲಿ, ಗ್ರೀಟ್ ಮೇಲೆ ಮಾವನೇ ಕಟ್ಟಿದ್ದ ಹಾಡಂತೆ. ಅಂದಿನ ಪಾದ್ರಿಗಳು ಅದನ್ನು ಊರಲ್ಲಿ ಯಾರೂ ಹಾಡಕೂಡದೆಂದು ಹೇಳಿದ್ದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದಿದ್ದು.

"ಗ್ರೀಟಳ ಹೊಸ ಬೂಟು ಕುಣಿದಾಗ ಧೂಳೆದ್ದಿತು" ಎಂದು ಹಾಡಿ, ಮುಂದಿನ ಸಾಲು ಮರೆತು, ಮಾವ ಬರೀ ರಾಗ ಎಳೆದರು.

"ಧೂಳೆದ್ದ ಕಡೆಗೇ ಫ್ಲೋರ್ಸನ ಕತ್ತೆ ಓಡಿತು."

ನನ್ನ ಕೈಯಿಂದ ರೊಟ್ಟಿ ಬೂದಿಗೆ ಬಿತ್ತು. ಹಾಡಿದ್ದು ಅತ್ತೆ.

ದನಿ ಒಡೆದಿತ್ತು, ಆದರೆ ಮಾತು ಒಂದೂ ಒಡೆದಿರಲಿಲ್ಲ. ಧೂಳು, ಕತ್ತೆ, ಫ್ಲೋರ್ಸ್, ಎಲ್ಲ ಇಡಿಯಾಗಿ ಬಂದವು. ಮಾವ ತಿರುಗಿ ನೋಡಲಿಲ್ಲ. ನೋಡಿದರೆ ನಿಂತುಹೋದೀತೆಂಬ ಹೆದರಿಕೆಯಿರಬೇಕು. ಬೆಂಕಿಯ ಕಡೆಗೇ ಮುಖ ಮಾಡಿಕೊಂಡು ಮುಂದಿನ ಸಾಲು ಎತ್ತಿಕೊಂಡರು. ಅತ್ತೆ ಅದಕ್ಕೂ ಸೇರಿಕೊಂಡರು. ಹಾಡು ಮುಗಿಯಿತು. ಅತ್ತೆ ಮುಖವರಳಿಸಿ ಏನೋ ಹೇಳಲು ಬಾಯಿ ತೆರೆದರು.

"ಫ್ಯೂರ್" ಎಂದರು.

ಅವರ ಮುಖ ಇಳಿದುಹೋಯಿತು. ಮಾವ ತಕ್ಷಣ ಮೊದಲಿನಿಂದ ಹಾಡು ಶುರುಮಾಡಿದರು. ಈ ಸಲ ಹತ್ತಿರ ಬಂದು, ಅವರ ಸತ್ತ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು. ರಾಗ ಹಿಡಿದ ಕೂಡಲೇ ಮಾತುಗಳು ಮತ್ತೆ ಬಂದವು. ಆ ಹಾಡಿನಲ್ಲಿ ಒಂದು ನುಡಿಯಿದೆ, ಅದನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ. ಅದು ಹತ್ತಿರ ಬಂದಾಗ ಮಾವ ತಡವರಿಸಿದರು.

"ಅದು ಬೇಡ ಕಣೇ, ಸೊಸೆ ಇದಾಳೆ. ಪರವೂರಿನ ಹೆಣ್ಣುಮಗಳೂ ಇದಾಳೆ."

ಅತ್ತೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಆ ನುಡಿಯನ್ನು ಎಲ್ಲಕ್ಕಿಂತ ಜೋರಾಗಿ ಹಾಡಿದರು. ಯಿಟ್ಸ್ಕಳಿಗೆ ಅಷ್ಟೂ ತಿಳಿಯಿತು. ಅವಳ ಕಿವಿ ಕೆಂಪಾದ್ದರಿಂದ ಗೊತ್ತಾಯಿತು.

"ನಮ್ಮ ಸೋದರಮಾವನ ಹತ್ರ ಯಾರೂ ಹಾಡಿ ನೋಡಲೇ ಇಲ್ವಲ್ಲ" ಎಂದಳು ಅವಳು ಬಹಳ ಹೊತ್ತಿನ ಮೇಲೆ, ಮೆಲ್ಲಗೆ.

ಹೂಗಾಲ ಮುಗಿಯುವವರೆಗೂ ಅತ್ತೆ ಮಾವ ಇಬ್ಬರೂ ಮೇಲೆಯೇ ಉಳಿದರು. ನಾನು ವಾರಕ್ಕೊಮ್ಮೆ ಹಿಟ್ಟು, ಎಣ್ಣೆ ಕೊಟ್ಟುಬರಲು ಹೋಗುವಾಗ ದಾರಿಯ ತಿರುವಿನಲ್ಲೇ ಹಾಡು ಕೇಳಿಸುತ್ತಿತ್ತು. ಪ್ರಾರ್ಥನೆಯ ಹಾಡು, ಕುಣಿತದ ಹಾಡು, ಲಾಲಿ. ಗೊತ್ತಿದ್ದ ಎಲ್ಲ ಹಾಡುಗಳನ್ನೂ ಅವರು ತಡಕಾಡಿ, ಯಾವುದರಲ್ಲಿ ಯಾವ ಮಾತು ಸಿಗುತ್ತದೆಂದು ಕಂಡುಕೊಂಡಿದ್ದರು. ನೀರು ಬೇಕಾದರೆ ನದಿಯ ಹಾಡಿನ ಒಂದು ಸಾಲು. ಚಳಿಯಾದರೆ ಕ್ರಿಸ್ಮಸ್ಸಿನದು. ಮಾವನ ಮೇಲೆ ಸಿಟ್ಟು ಬಂದರೆ ಕತ್ತೆಯ ಸಾಲು. ಕ್ರಮೇಣ ಕೆಲವು ಮಾತು ಹಾಡಿನಿಂದ ಜಾರಿ ಬರಿಯ ನಾಲಿಗೆಗೂ ಬಂದವು. ಮೊದಲು ಬಂದದ್ದು ಕತ್ತೆ. ಆ ಮೇಲೆ ಸ್ವಲ್ಪ ಕಾಲ ನಾವೆಲ್ಲರೂ ಕತ್ತೆಗಳೇ ಆಗಿದ್ದೆವು.

ಮಾವ ಒಂದು ದಿನ ಹಾಡಿನ ಧಾಟಿಯಲ್ಲೇ, ಆವತ್ತು ಬೆಂಕಿಯ ಮುಂದೆ ಏನು ಹೇಳಹೊರಟಿದ್ದೆ ಎಂದು ಕೇಳಿದರು. ಅತ್ತೆ ಯೋಚಿಸಿದರು, ಹುಬ್ಬು ಗಂಟಿಕ್ಕಿ ಬಹಳ ಹೊತ್ತು. ಕೊನೆಗೆ ತಲೆಯಾಡಿಸಿದರು. ಅವರಿಗೇ ನೆನಪಿರಲಿಲ್ಲ.

"ಹೋಗ್ಲಿ ಬಿಡು" ಎಂದರು ಮಾವ. "ಉಪ್ಪು ಜಾಸ್ತಿ ಆಯ್ತು ಅಂತಿರ್ಬೇಕು." ಆದರೆ ಸಂಜೆಯ ಕತೆಗಳನ್ನು ಅವರು ಬಿಡಲಿಲ್ಲ. ಒಮ್ಮೆ ತೆರೆದ ಬಾಯಿ ಮುಚ್ಚಲಿಲ್ಲ. ಊರಿನವರೀಗ ಮಾವನನ್ನು ಕಂಡರೆ ದಾರಿ ಬದಲಿಸುವಂತಾಯಿತು. ಸುಸಾರಾಳ ಹೆಸರನ್ನು ಅಪೂಲ್ಸ್ ತನ್ನ ಕೈಯಾರೆ ಮರದ ಹಲಗೆಯಲ್ಲಿ ಕೆತ್ತಿ ಮೇಲೆ ದೊಡ್ಡಿಯ ಪಕ್ಕ ನೆಟ್ಟ.

ಯಿಟ್ಸ್ಕ ಹೂಗಳು ಬೀಜವಾದ ಮೇಲೆ ಹೊರಟುಹೋದಳು. ಅತ್ತೆ ಅವಳ ಕೆಂಪು ಶಾಲನ್ನು ಬಿಟ್ಟುಕೊಡಲಿಲ್ಲ. ಹಿಡಿದ ಕೈ ಸಡಿಲಿಸದೆ ಬೀಳ್ಕೊಡುಗೆಯ ಹಾಡನ್ನು ಮಾತ್ರ ಚೆನ್ನಾಗಿ ಹಾಡಿದರು. ಅವಳು ನಗುತ್ತ, ಅಳುತ್ತ, ಶಾಲಿಲ್ಲದೆ ಬಸ್ಸು ಹತ್ತಿದಳು.

ಆಮೇಲೆ ಅತ್ತೆ ಎಷ್ಟೋ ಚಳಿಗಾಲ ಕಂಡರು. ನಾವಿಬ್ಬರೂ ಬೆಳಿಗ್ಗೆ ಅಡುಗೆಬೇಲಿಯೊಳಗೆ ಕೂರುತ್ತಿದ್ದೆವು, ಅವರು ಎಡಗೈಯಲ್ಲಿ ಕೆಂಡ ಸರಿಸುತ್ತ, ನಾನು ಬೂದಿರೊಟ್ಟಿ ತಟ್ಟುತ್ತ. ಒಂದು ದಿನ ಅವರು ಸತ್ತವರಿಗೆ ಹಾಡುವ ಹಾಡಿನ ಧಾಟಿಯಲ್ಲಿ, ಎಲ್ಲಿಂದೆಲ್ಲಿಂದಲೋ ಹೆಕ್ಕಿದ ಮಾತುಗಳನ್ನು ಪೋಣಿಸಿ, ನನ್ನ ರೊಟ್ಟಿ ಬಂಡೆಯ ಹಾಗಿದೆಯೆಂದೂ ಅದರ ಕೆಳಗೆ ಮಲಗಿದವರು ಪುನರುತ್ಥಾನದ ದಿನವೂ ಏಳಲಾರರೆಂದೂ ಹಾಡಿದರು. ನನಗೆ ಏನೆನಿಸಿತೋ, ಹಿಟ್ಟಿನ ಕೈ ಎತ್ತಿ ನಾನೂ ಅದೇ ರಾಗದಲ್ಲಿ ಉತ್ತರ ಹಾಡಿದೆ: "ಹಲ್ಲಿಲ್ಲದ ಬಾಯಿಗೆ ಎಲ್ಲ ರೊಟ್ಟಿಯೂ ಬಂಡೆಯೇ." ಹುಟ್ಟಿದ ಮೇಲೆ ನಾನು ನಾಲ್ಕು ಜನರ ಮುಂದೆ ಹಾಡಿದವಳಲ್ಲ. ನನ್ನ ದನಿ ಎಂಥದೆಂದು ನನಗೇ ಗೊತ್ತಿರಲಿಲ್ಲ.

ಅತ್ತೆ ಕೆಂಡ ಸರಿಸುವುದನ್ನು ನಿಲ್ಲಿಸಿ ನನ್ನನ್ನು ದಿಟ್ಟಿಸಿದರು. ಆಮೇಲೆ ಎಡಗೈಯಿಂದ ಎಡಗಿವಿ ಮುಚ್ಚಿಕೊಂಡು, ಬಲಗಿವಿಯನ್ನು ಮುಚ್ಚು ಎಂದು ನನಗೇ ಕಣ್ಣಲ್ಲಿ ಸನ್ನೆ ಮಾಡಿದರು.